ಪತ್ತೇದಾರನ ಜಮಾಖರ್ಚು

ಕಳೆದ ವಾರ ವಾಚನಾಲಯದಲ್ಲಿ ನನಗೆ ಐವತ್ತು ರೂಪಾಯಿ ದಂಡ ಬಿತ್ತು. ಪುಸ್ತಕವನ್ನು ತಡವಾಗಿ ಮರಳಿಸಿದ್ದಕ್ಕಲ್ಲ, ಅದರ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಲೆಕ್ಕ ಬರೆದಿದ್ದಕ್ಕೆ. ಅಲ್ಲಿಯೇ ಕುಳಿತು ಅಳಿಸಿಕೊಡುತ್ತೇನೆಂದು ಎಷ್ಟು ಹೇಳಿದರೂ ಕೇಳದೆ, "ಇನ್ನೂರು ಪುಟ ಅಳಿಸೋಷ್ಟರಲ್ಲಿ ನಾವು ಬಾಗಿಲು ಹಾಕ್ಬೇಕಾಗುತ್ತೆ ಸರ್" ಎಂದು ಆ ಹುಡುಗಿ ರಸೀದಿ ಹರಿದು ಕೊಟ್ಟಳು. ನ್ಯಾಯವಾಗಿ ಆ ದಂಡವನ್ನು ತೆರಬೇಕಾದವನು ಕಾದಂಬರಿಯ ನಾಯಕ.

ಅವನೊಬ್ಬ ಪೊಲೀಸ್ ಇನ್ಸ್‌ಪೆಕ್ಟರ್. ಊರು ಬರ್ಲಿನ್, ಕಾಲ 1931ರ ಚಳಿಗಾಲ. ಮಹಾಯುದ್ಧದ ಕಂದಕಗಳನ್ನು ಕಂಡು ಬಂದವನಾದ್ದರಿಂದ ರಾತ್ರಿ ನಿದ್ದೆಯಿಲ್ಲ, ಹೆಂಡತಿ ಬಿಟ್ಟುಹೋಗಿದ್ದಾಳೆ, ಮೇಲಧಿಕಾರಿಯೊಂದಿಗೆ ಜಗಳ. ಇವೆಲ್ಲ ನನಗೆ ಸಮ್ಮತವೇ. ಆದರೆ ನಲವತ್ತನೆಯ ಪುಟ ಮುಟ್ಟುವಷ್ಟರಲ್ಲಿ ಅವನು ಆರು ಲೋಟ ಕೊನ್ಯಾಕ್ ಕುಡಿದು, ಮೂರು ಸಲ ಟ್ಯಾಕ್ಸಿ ಹತ್ತಿ, ಹಾಡುವ ಹೆಣ್ಣೊಬ್ಬಳಿಗೆ ರೇಷ್ಮೆಯ ಕಾಲುಚೀಲ ಕೊಡಿಸಿದ್ದ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು, ಅದರಲ್ಲಿ ಹನ್ನೊಂದು ವರ್ಷ ಆಡಿಟ್ ವಿಭಾಗದಲ್ಲೇ ಕಳೆದ ನನ್ನಂಥವನ ಕೈಗೆ ಪೆನ್ಸಿಲ್ ತಾನಾಗಿಯೇ ಬಂದಿತು.

ಆ ವರ್ಷವಾದರೂ ಎಂಥದು! ಜುಲೈ ತಿಂಗಳಲ್ಲಿ ಜರ್ಮನಿಯ ದೊಡ್ಡ ಬ್ಯಾಂಕುಗಳಲ್ಲೊಂದು ಬಾಗಿಲು ಮುಚ್ಚಿ, ಅದರ ಬೆನ್ನಿಗೇ ಸರ್ಕಾರ ಎಲ್ಲ ಬ್ಯಾಂಕುಗಳಿಗೂ ರಜೆ ಸಾರಿತ್ತು. ಚಾನ್ಸೆಲರ್ ಬ್ರೂನಿಂಗ್ ತುರ್ತು ಆಜ್ಞೆಗಳನ್ನು ಹೊರಡಿಸಿ ಸರ್ಕಾರಿ ನೌಕರರ ಸಂಬಳವನ್ನು ಮತ್ತೆ ಮತ್ತೆ ಕತ್ತರಿಸುತ್ತಿದ್ದರು. 1932ರ ಆರಂಭಕ್ಕೆ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ದಾಟಿತು. ಅದಕ್ಕೂ ಮೊದಲು, 1923ರ ನವೆಂಬರಿನಲ್ಲಿ, ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿ, ಇಡೀ ಮಧ್ಯಮವರ್ಗದ ಉಳಿತಾಯ ರದ್ದಿಯಾಗಿಹೋಗಿತ್ತು. ಹೀಗಿರುವಾಗ ಸಂಬಳ ಕಡಿತಗೊಂಡ ಇನ್ಸ್‌ಪೆಕ್ಟರನಿಗೆ ಟ್ಯಾಕ್ಸಿ ಬಾಡಿಗೆಯ ಹಣ ಬಂದುದೆಲ್ಲಿಂದ? ಲಂಚವೆಂದಾದರೆ ಹಾಗೆಂದು ಬರೆಯಲಿ, ಆಗ ಅದು ನಿಜವಾದ ದೋಷವಾಗುತ್ತದೆ. ಲೇಖಕರು ಅದರ ಬದಲು ಅವನಿಗೆ ದುಃಸ್ವಪ್ನಗಳನ್ನು ಕೊಡುತ್ತಾರೆ, ಏಕೆಂದರೆ ಅವಕ್ಕೆ ವೋಚರ್ ಬೇಕಿಲ್ಲ.

ಅರವತ್ತೆಂಟನೆಯ ಪುಟದಲ್ಲಿ ಬರ್ಲಿನ್ನಿನ ವಿಟನ್‌ಬೆರ್ಗ್‌ಪ್ಲಾಟ್ಸ್ ಚೌಕದ ಬ್ಯಾಂಕ್ ಕಳ್ಳತನದ ಪ್ರಸ್ತಾಪ ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ. ನಾನು ಅಲ್ಲಿಯೇ ಅರ್ಧ ದಿನ ನಿಂತೆ. ಅದು ನಿಜವಾಗಿ ನಡೆದದ್ದು. 1929ರ ಜನವರಿಯ ಒಂದು ಸೋಮವಾರ ಬೆಳಿಗ್ಗೆ ಸ್ಟ್ರಾಂಗ್ ರೂಮಿನ ಬಾಗಿಲು ತೆರೆಯಲಿಲ್ಲ. ಬೀಗ ಕೆಟ್ಟಿದೆಯೆಂದು ಸಿಬ್ಬಂದಿ ಭಾವಿಸಿದರು, ತಜ್ಞರು ಬಂದು ಒದ್ದಾಡಿದರು, ಕೊನೆಗೆ ಗೋಡೆಯನ್ನೇ ಒಡೆಯಬೇಕಾಯಿತು. ಒಳಗೆ 181 ಲಾಕರುಗಳ ಪೈಕಿ 179 ಬಾಯಿ ತೆರೆದುಕೊಂಡಿದ್ದವು, ನೆಲದ ಮೇಲೆ ಎರಡು ಖಾಲಿ ವೈನ್ ಬಾಟಲಿಗಳಿದ್ದವು. ಕಳ್ಳರು ಸುರಂಗ ಕೊರೆದು ಬಂದಿದ್ದರು.

ಆ ಸಿಬ್ಬಂದಿಯನ್ನು ಕಂಡು ನಗಲು ನನಗೆ ಅಧಿಕಾರವಿಲ್ಲ. 1988ರಲ್ಲಿ ನಮ್ಮ ಶಾಖೆಯಲ್ಲೂ ಒಂದು ಬೆಳಿಗ್ಗೆ ಹೀಗೆಯೇ ಆಯಿತು. ಮ್ಯಾನೇಜರರ ಕೀಲಿಯೂ ತಿರುಗಿತು, ಹೆಡ್ ಕ್ಯಾಷಿಯರರ ಕೀಲಿಯೂ ತಿರುಗಿತು, ಬಾಗಿಲು ಮಾತ್ರ ಕದಲಲಿಲ್ಲ. ಜವಾನ ಓಡಿಹೋಗಿ ಕೊಬ್ಬರಿ ಎಣ್ಣೆ ತಂದ. ಮ್ಯಾನೇಜರರು ಎಣ್ಣೆ ಬಿಟ್ಟರು, ಊದುಬತ್ತಿಯನ್ನೂ ಹಚ್ಚಿದರು. ಮಗಳ ಮದುವೆಗೆಂದು ಅಡವಿಟ್ಟ ಸರ ಬಿಡಿಸಿಕೊಳ್ಳಲು ಬಂದಿದ್ದ ಗೌಡರೊಬ್ಬರು ಬೆಂಚಿನ ಮೇಲೆ ಕುಳಿತು, ಮುಹೂರ್ತಕ್ಕೆ ಇನ್ನೆಷ್ಟು ಗಂಟೆ ಉಳಿದಿದೆಯೆಂದು ಹತ್ತು ನಿಮಿಷಕ್ಕೊಮ್ಮೆ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ನಾಲ್ಕು ಗಂಟೆಗೆ ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ಚಹಾ ಕುಡಿದು, ಹಿಡಿಕೆಯನ್ನು ಭುಜದಿಂದ ಒಂದಿಷ್ಟು ಮೇಲಕ್ಕೆತ್ತಿದ, ಬಾಗಿಲು ತೆರೆಯಿತು. "ಬಾಗ್ಲಾ ಜಗ್ಗೇತ್ರಿ, ಬ್ಯಾರೆ ಏನಿಲ್ಲ" ಎಂದ. ಒಳಗೆ ಎಲ್ಲವೂ ಇದ್ದಲ್ಲಿಯೇ ಇತ್ತು. ಕೊಬ್ಬರಿ ಎಣ್ಣೆಯ ಆರು ರೂಪಾಯಿಗೆ ವೋಚರ್ ಇಲ್ಲವೆಂದು ಮರುವರ್ಷ ಆಡಿಟ್ ಆಕ್ಷೇಪಣೆ ಬಂತು, ಊದುಬತ್ತಿಯ ಖರ್ಚನ್ನು ಮ್ಯಾನೇಜರರು ಕೈಯಿಂದ ಭರಿಸಿದರು.

ಬರ್ಲಿನ್ನಿನಲ್ಲಿ ಏನಾಯಿತೆಂದರೆ, ಫ್ರಾಂಟ್ಸ್ ಮತ್ತು ಎರಿಕ್ ಜಾಸ್ ಎಂಬ ಸಹೋದರರನ್ನು ಬಂಧಿಸಿದ ಪೊಲೀಸರು ಸಾಕ್ಷ್ಯ ಸಾಲದೆ ಅವರನ್ನು ಬಿಟ್ಟುಬಿಡಬೇಕಾಯಿತು. ಹೊರಬಂದ ಸಹೋದರರು ಹೆಸರಾಂತ ರೆಸ್ಟೋರೆಂಟೊಂದರಲ್ಲಿ ಪತ್ರಕರ್ತರ ಗೋಷ್ಠಿಯನ್ನೇ ನಡೆಸಿದರು. ಇಂಥ ಸಂಗತಿಗೆ ಒಂದೇ ಸಾಲು, ಇನ್ಸ್‌ಪೆಕ್ಟರನ ತಲೆನೋವಿಗೆ ನಾಲ್ಕು ಪುಟ!

ಅದೇ ಕಾಲದ ನಿಜವಾದ ಪತ್ತೇದಾರರನ್ನಾದರೂ ನೋಡಿ. ಬರ್ಲಿನ್ ಪೊಲೀಸರ ಕೊಲೆ ತನಿಖಾ ವಿಭಾಗವನ್ನು ಕಟ್ಟಿದ ಎರ್ನ್‌ಸ್ಟ್ ಗೆನ್ನಾಟ್ ಸ್ಥೂಲಕಾಯರು. ಇಲಾಖೆಯವರು ಅವರನ್ನು 'ಬುದ್ಧ' ಎಂದು ಕರೆಯುತ್ತಿದ್ದರು. ಟೈಪ್‌ರೈಟರಿನಿಂದ ಹಿಡಿದು ಸ್ಥಳಪರೀಕ್ಷೆಯ ಸಲಕರಣೆಗಳವರೆಗೆ ಎಲ್ಲವನ್ನೂ ತುಂಬಿಕೊಂಡ ಕಾರೊಂದನ್ನು ಅವರು ಮಾಡಿಸಿದ್ದರು. 1931ರಲ್ಲಿ ಅವರ ವಿಭಾಗ 114 ಪ್ರಕರಣಗಳ ಪೈಕಿ 108ನ್ನು ಭೇದಿಸಿತು. ಅವರಿಗಿದ್ದ ಚಟವೆಂದರೆ ಕೇಕ್. ಕೇಕಿನ ಚಟವುಳ್ಳ ಪತ್ತೇದಾರನನ್ನು ಮುಖಪುಟಕ್ಕೆ ಹಾಕಿದರೆ ಪುಸ್ತಕ ಮಾರಾಟವಾಗದು ಎಂಬುದು ಪ್ರಕಾಶಕರ ಎಣಿಕೆಯಿರಬಹುದು. ಮುಖಪುಟಕ್ಕೆ ಮಂಜು, ದೀಪದ ಕಂಬ, ಎತ್ತಿದ ಕಾಲರು ಇವಿಷ್ಟೇ ಬೇಕು. ಗಂಜಿಗೆ ಸಾಲುಗಟ್ಟಿ ನಿಂತ ಜನ ಆ ಮಂಜಿನ ಒಂದು ಭಾಗ. ನಮ್ಮ ನಾಯಕ ಅವರನ್ನು ಟ್ಯಾಕ್ಸಿಯ ಕಿಟಕಿಯಿಂದ ನೋಡಿ ನಿಟ್ಟುಸಿರು ಬಿಡುತ್ತಾನೆ. ಮೀಟರ್ ಓಡುತ್ತಲೇ ಇರುತ್ತದೆ.

ದಂಡದ ರಸೀದಿಯನ್ನು ಮನೆಯ ಲೆಕ್ಕದ ಪುಸ್ತಕಕ್ಕೆ ಅಂಟಿಸುತ್ತಿದ್ದಾಗ ನನ್ನಾಕೆ, "ಅಷ್ಟೆಲ್ಲಾ ಬರೆದ್ರಲ್ಲ, ಕೊನೆಗೆ ಕೊಲೆ ಮಾಡಿದ್ಯಾರಂತ್ರೀ?" ಎಂದು ಕೇಳಿದಳು. ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಮನೆಯೊಡತಿಗೆ ಅವನು ಎರಡೂವರೆ ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡಿರುವುದು ಮಾತ್ರ ಚೆನ್ನಾಗಿ ನೆನಪಿತ್ತು.