ಲಿಥುವೇನಿಯನ್ ಸಂಸ್ಕೃತದ ಮಗಳಲ್ಲ

ಗೆಳೆಯರ ವಾಟ್ಸಾಪ್ ಗುಂಪಿಗೆ ಇವತ್ತು ಬೆಳಿಗ್ಗೆ ಮತ್ತೆ ಅದೇ ವಿಡಿಯೋ ಬಂತು. ಯುರೋಪಿನಲ್ಲಿ ಇಂದಿಗೂ ಸಂಸ್ಕೃತ ಉಳಿಸಿಕೊಂಡ ದೇಶ ಲಿಥುವೇನಿಯಾ ಅಂತೆ. ಅಲ್ಲಿನ ಭಾಷೆಯಲ್ಲಿ ಸೂನುಸ್ ಅಂದರೆ ಮಗ, ಅವಿಸ್ ಅಂದರೆ ಕುರಿ, ಸಪ್ನಸ್ ಅಂದರೆ ಕನಸು, ಉಗ್ನಿಸ್ ಅಂದರೆ ಬೆಂಕಿ; ಸಂಸ್ಕೃತದ ಸೂನು, ಅವಿ, ಸ್ವಪ್ನ, ಅಗ್ನಿಯ ಹಾಗೆಯೇ. ಆದ್ದರಿಂದ ಆ ಭಾಷೆ ಸಂಸ್ಕೃತದಿಂದ ಹುಟ್ಟಿತು. ಕೆಳಗೆ ಸಾಲುಸಾಲು ಕೈಮುಗಿದ ಇಮೋಜಿ. ಲಿಥುವೇನಿಯನ್, ಲಾಟ್ವಿಯನ್, ಈಗ ಇಲ್ಲವಾದ ಹಳೆಯ ಪ್ರಷ್ಯನ್ ಸೇರಿದ ಬಾಲ್ಟಿಕ್ ಭಾಷೆಗಳ ಹುಚ್ಚು ನನಗೆಷ್ಟಿದೆ ಅಂತ ನಿಮಗೆಲ್ಲ ಗೊತ್ತು. ಮೈಯೆಲ್ಲ ಉರಿದುಹೋಯಿತು.

ಆ ಪದಗಳೂ ನಿಜ, ಹೋಲಿಕೆಯೂ ನಿಜ. ‘ಆದ್ದರಿಂದ’ ಅನ್ನುವುದೊಂದೇ ಸುಳ್ಳು.

ಆ ವಿಡಿಯೋ ಎಂದೂ ತೋರಿಸದ ಎರಡು ಪದ ನೋಡಿ. ಲಿಥುವೇನಿಯನ್ನಿನಲ್ಲಿ ನಾಲ್ಕಕ್ಕೆ ಕೆತುರಿ, ಐದಕ್ಕೆ ಪೆಂಕಿ. ಸಂಸ್ಕೃತದಲ್ಲಿ ಚತುರ್, ಪಂಚ. ಇಲ್ಲಿ ಹಳೆಯದು ಕಕಾರವೇ. ಎಕಾರದ ಮುಂದಿದ್ದ ಕಕಾರ ಸಂಸ್ಕೃತದ ದಾರಿಯಲ್ಲಿ ಚಕಾರವಾಯಿತು, ಆಮೇಲೆ ಆ ಎಕಾರವೂ ಅಕಾರದಲ್ಲಿ ಕರಗಿಹೋಯಿತು. ಸಂಸ್ಕೃತದ ‘ಅಸ್ತಿ’ಗೆ ಹಳೆಯ ಲಿಥುವೇನಿಯನ್ನಿನಲ್ಲಿ ‘ಎಸ್ತಿ’, ಗ್ರೀಕಿನಲ್ಲೂ ಎಕಾರವೇ. ಮಗಳಾಗಿದ್ದರೆ ತಾಯಿ ಕಳೆದುಕೊಂಡ ಧ್ವನಿಗಳು ಮಗಳ ಬಾಯಿಗೆ ಬಂದದ್ದಾದರೂ ಎಲ್ಲಿಂದ? ಇಬ್ಬರೂ ಇನ್ನೂ ಹಳೆಯ ಒಂದು ಮೂಲದಿಂದ ಬಂದವರು, ಅಷ್ಟೆ.

ಇದು ಕನ್ನಡಿಗರಿಗೆ ಅರ್ಥವಾಗದ ಸಂಗತಿಯೇನಲ್ಲ. ನಮ್ಮ ಕಿವಿ ತಮಿಳಿನಲ್ಲಿ ಚೆವಿ, ನಮ್ಮ ಗೆಯ್ ಅಲ್ಲಿ ಚೆಯ್. ಇಲ್ಲೂ ಹಳೆಯ ಕಕಾರ ಉಳಿಸಿಕೊಂಡವರು ನಾವು. ಕನ್ನಡ ಇನ್ನೊಂದು ಭಾಷೆಯ ಹೊಟ್ಟೆಯಿಂದ ಬಂತು ಅಂತ ಯಾರಾದರೂ ಅಂದರೆ ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಅದೇ ಮಾತನ್ನು ಬರೀ 30 ಲಕ್ಷ ಜನ ಆಡುವ ಒಂದು ಭಾಷೆಯ ಬಗ್ಗೆ ನಾವೇ ಹಂಚುವುದು ಯಾವ ನ್ಯಾಯ?

‘ಹೋಗಲಿ ಬಿಡಪ್ಪಾ, ಈ ನೆಪದಲ್ಲಾದರೂ ಜನಕ್ಕೆ ಭಾಷೆಗಳ ಬಗ್ಗೆ ಆಸಕ್ತಿ ಬರುತ್ತಲ್ಲ’ ಅಂತ ಒಬ್ಬ ಗೆಳೆಯ ಬರೆದ. ಬರಲ್ಲ. ಸಂಸ್ಕೃತಕ್ಕೆ ಹೋಲುವ ಪದ ಮುಗಿದ ಕೂಡಲೇ ಆ ಆಸಕ್ತಿಯೂ ಮುಗಿಯುತ್ತದೆ, ಆ ಜನರ ಕಥೆ ಯಾರಿಗೂ ಬೇಕಾಗುವುದಿಲ್ಲ.

ಎಂಥ ಕಥೆ ಅದು! ‘ಮಧ್ಯ’ ನಮಗೆ ಗೊತ್ತಿರುವ ಪದ. ಅದರ ನಂಟಿನ ಪದಕ್ಕೆ ಹಳೆಯ ಪ್ರಷ್ಯನ್ನಿನಲ್ಲೂ ಲಾಟ್ವಿಯನ್ನಿನಲ್ಲೂ ಕಾಡು ಅಂತ ಅರ್ಥ. ಊರು ಊರಿನ ನಡುವೆ ಇದ್ದದ್ದು ಕಾಡೇ ತಾನೆ? ಲಿಥುವೇನಿಯನ್ನಿನಲ್ಲಿ ಅದು ಇನ್ನೂ ಕುಗ್ಗಿ ‘ಮೆದಿಸ್’, ಅಂದರೆ ಬರೀ ಒಂದು ಮರ. ಇಡೀ ಭೂಗೋಳವೇ ಒಂದು ಪದದೊಳಗೆ ಕೂತಿದೆ. ಇನ್ನೊಂದು ಕಡೆ ನೆರೆಹೊರೆಯವರ ಕೊಡುಕೊಳ್ಳುವಿಕೆ. ಕೊಡಲಿಗೆ ಲಿಥುವೇನಿಯನ್ನಿನಲ್ಲಿ ಕಿರ್ವಿಸ್. ಯಾವ ನಂಟೂ ಇಲ್ಲದ ಫಿನ್ನಿಶ್ ಭಾಷೆ ಸಾವಿರಾರು ವರ್ಷಗಳ ಹಿಂದೆ ಬಾಲ್ಟಿಕ್ ಜನರಿಂದ ಅದನ್ನು ಪಡೆದು ಕಿರ್ವೆಸ್ ಅಂತ ಇಂದಿಗೂ ಇಟ್ಟುಕೊಂಡಿದೆ. ಹಲ್ಲಿಗೂ ಫಿನ್ನಿಶರದ್ದು ಬಾಲ್ಟಿಕ್ ಪದವೇ. ಆ ಕಡೆಯಿಂದ ಈ ಕಡೆಗೂ ಬಂದಿವೆ: ಲಾಟ್ವಿಯನ್ನಿನ ‘ಮಾಯಾ’, ಅಂದರೆ ಮನೆ, ಫಿನ್ನಿಶಿನ ನಂಟಿನ ಭಾಷೆಗಳನ್ನಾಡುವ ಫಿನ್ನಿಕ್ ನೆರೆಯವರದ್ದು; ನಮ್ಮ ಮಾಯೆಗೂ ಅದಕ್ಕೂ ಸಂಬಂಧವಿಲ್ಲ. ನಾಳೆ ಅದನ್ನೂ ಯಾರೋ ವಿಡಿಯೋ ಮಾಡುತ್ತಾರೆ ಅನ್ನುವ ಭಯ ನನಗಿದೆ.

ಪ್ರಷ್ಯನ್ ಅಂದೆನಲ್ಲ, ಅದರ ವಿಷಯ ಬಂದರೆ ನನಗೆ ಗಂಟಲು ಕಟ್ಟುತ್ತದೆ. 13ನೇ ಶತಮಾನದಲ್ಲಿ ಟ್ಯೂಟಾನಿಕ್ ಯೋಧರು ಅನ್ನುವ ಜರ್ಮನ್ ಕ್ರೈಸ್ತ ಪಂಗಡದವರು ಆ ನೆಲ ಗೆದ್ದರು. 1709ರಿಂದ 1711ರ ಪ್ಲೇಗಿನ ಹೊತ್ತಿಗೆ ಭಾಷೆ ನಂದಿಹೋಯಿತು. ಉಳಿದದ್ದು ಮೂರು ಧರ್ಮಬೋಧೆಯ ಪುಸ್ತಕ, ಕೆಲವು ತುಣುಕು, ಸುಮಾರು 800 ಪದಗಳ ಎಲ್ಬಿಂಗ್ ಪಟ್ಟಿ. ಜರ್ಮನ್ ಪದ, ಪಕ್ಕದಲ್ಲಿ ಪ್ರಷ್ಯನ್ ಪದ. ಮೊದಲನೆಯದೇ ‘ದೇಯ್ವಿಸ್’, ದೇವರು. ಆಮೇಲೆ ಆಕಾಶ, ನಕ್ಷತ್ರ, ಮನೆ, ಬಂಡಿ, ಮರ, ಹಕ್ಕಿ. ಒಂದು ಇಡೀ ಜನಾಂಗದ ಬಾಯಿಂದ ನಮಗೆ ಸಿಕ್ಕಿದ್ದು ಇಷ್ಟೇ. ಇದನ್ನು ಓದಿದ ಮೇಲೂ ‘ನಮ್ಮದೇ ಅದು’ ಅನ್ನಲು ಮನಸ್ಸಾದರೂ ಹೇಗೆ ಬರುತ್ತದೆ?

ಲಿಥುವೇನಿಯನ್ನರಿಗೂ ತಮ್ಮ ಪದಗಳು ಪುಕ್ಕಟೆಯಾಗಿ ಉಳಿಯಲಿಲ್ಲ. ರಷ್ಯಾದ ವಿರುದ್ಧ 1863ರಲ್ಲಿ ಎದ್ದ ದಂಗೆಯ ನಂತರ ರಷ್ಯಾದ ಆಡಳಿತ ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಅಚ್ಚು ಹಾಕುವುದನ್ನೇ ನಿಷೇಧಿಸಿತು. 1904ರವರೆಗೆ ಜನ ಗಡಿಯಾಚೆಯ, ಜರ್ಮನ್ನರ ಕೈಯಲ್ಲಿದ್ದ ಪ್ರಷ್ಯಾದಲ್ಲಿ ಅಚ್ಚಾದ ಪುಸ್ತಕಗಳನ್ನು ಕದ್ದುಮುಚ್ಚಿ ಹೊತ್ತು ತಂದರು. ಸಿಕ್ಕಿಬಿದ್ದವರಲ್ಲಿ ಹಲವರು ಸೈಬೀರಿಯಾಕ್ಕೆ ಹೋದರು. ಆಮೇಲೆ ಭಾಷಾವಿಜ್ಞಾನಿ ಕಾಜಿಮೇರಸ್ ಬೂಗಾ ಲಿಥುವೇನಿಯನ್ನಿನ ದೊಡ್ಡ ನಿಘಂಟಿಗೆ ಕೈಹಾಕಿ 1924ರಲ್ಲಿ ತೀರಿಕೊಂಡರು. ಉಳಿದವರು ಬಿಡಲಿಲ್ಲ: ಮೊದಲ ಸಂಪುಟ 1941ರಲ್ಲಿ, ಇಪ್ಪತ್ತನೆಯದು 2002ರಲ್ಲಿ. ಅದು ಈಗ ಇಂಟರ್ನೆಟ್ಟಿನಲ್ಲೇ ಇದೆ. ಭಾಷೆ ಬರದಿದ್ದರೂ ಒಮ್ಮೆ ‘ಮೆದಿಸ್’ ಹುಡುಕಿ ನೋಡಿ, ಎಷ್ಟು ಊರುಗಳ ಎಷ್ಟು ವಾಕ್ಯಗಳನ್ನು ಕೂಡಿಸಿಟ್ಟಿದ್ದಾರೆ ಅಂತ.