ಬೆತ್ತಲೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಂಡವರು

ಹೊಳೆದಂಡೆ, ಹಸಿರು, ನಡುವೆ ಬೆತ್ತಲೆ ಹೆಣ್ಣು. ಇಂಥ ಚಿತ್ರದ ಪಕ್ಕ ಗೋಡೆಗೆ ಒಂದು ವಿವರಣೆ ಅಂಟಿಸಿರುತ್ತಾರಲ್ಲ, ಅದನ್ನು ಬರೆಯುವ ಮಹಾನುಭಾವರಿಗೆ ಸಾಷ್ಟಾಂಗ. ಅವರ ಕಣ್ಣಿಗೆ ಹೆಣ್ಣೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತದೆ. ಸೊಂಟದಲ್ಲಿ ಬೆಟ್ಟದ ಸಾಲು, ಕೂದಲಲ್ಲಿ ಜಲಪಾತ, ಉಳಿದದ್ದು 'ಭೂಮಿತಾಯಿಯ ಫಲವಂತಿಕೆ'. ಮೇನಕೆ ಬಂದಾಗ ವಿಶ್ವಾಮಿತ್ರರ ಪಕ್ಕದಲ್ಲಿ ಇಂಥ ಒಬ್ಬ ವಿಮರ್ಶಕ ಇದ್ದಿದ್ದರೆ ತಪಸ್ಸು ಖಂಡಿತ ಕೆಡುತ್ತಿರಲಿಲ್ಲ.

ನನಗೆ ಅಷ್ಟು ವೈರಾಗ್ಯವಿಲ್ಲ, ಬರೀ ಕ್ಷುದ್ರ ಪ್ರಶ್ನೆಗಳೇ ಹೊಳೆಯುತ್ತವೆ. ಆ ಹುಲ್ಲಿನಲ್ಲಿ ಇರುವೆ ಕಚ್ಚಲಿಲ್ಲವೆ? ಬಟ್ಟೆ ಎಲ್ಲಿಟ್ಟಳು? ಫ್ರೆಂಚ್ ಚಿತ್ರಕಾರ ಆನ್ರಿ ರೂಸೋನ 1910ರ 'ಕನಸು' ನೋಡಿ. ದಟ್ಟ ಕಾಡು, ಇಣುಕುವ ಸಿಂಹಗಳು, ಕತ್ತಲಲ್ಲಿ ನಿಂತು ಕೊಳಲೂದುವ ಒಬ್ಬ, ಇವೆಲ್ಲದರ ಮಧ್ಯೆ ಬೆತ್ತಲೆ ಹೆಂಗಸು ಆರಾಮಾಗಿ ಸೋಫಾಕ್ಕೆ ಒರಗಿದ್ದಾಳೆ. ಅಷ್ಟು ದೂರ ಸೋಫಾ ಹೊತ್ತವರ್ಯಾರು ಸ್ವಾಮಿ? ರೂಸೋನ ಉತ್ತರ ಸರಳ: ಆಕೆ ಸೋಫಾದ ಮೇಲೆ ನಿದ್ದೆಹೋಗಿ ಕಾಡಿನ ಕನಸು ಕಾಣುತ್ತಿದ್ದಾಳೆ. ಮುಗಿಯಿತು. ಫ್ರಾನ್ಸ್ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯ, ಪ್ಯಾರಿಸ್ಸಿನ ಸಸ್ಯೋದ್ಯಾನದ ಗಾಜಿನಮನೆ ನೋಡಿಬಂದೇ ಕಾಡು ಬೆಳೆಸಿದವನು. ಅವನಿಗೆ ಒಂದು ಸಾಲು ಸಾಕಾಯಿತು, ವ್ಯಾಖ್ಯಾನಕಾರರಿಗೆ ಮಾತ್ರ ಇನ್ನೂ ಸಾಲುತ್ತಿಲ್ಲ.

ಅಶ್ಲೀಲ ಯಾವುದು ಎಂಬ ತೀರ್ಪೂ ಇವರ ಪೂರ್ವಜರದ್ದೇ. 1863ರಲ್ಲಿ ಫ್ರೆಂಚ್ ಚಿತ್ರಕಾರ ಕಬಾನೆಲ್ ಸಮುದ್ರದ ಅಲೆಯ ಮೇಲೆ ಒಬ್ಬಳನ್ನು ಬೆತ್ತಲೆ ಮಲಗಿಸಿ ಪ್ರೇಮದೇವತೆ ವೀನಸ್ ಎಂದ, ಚಕ್ರವರ್ತಿ ಮೂರನೇ ನೆಪೋಲಿಯನ್ನೇ ಕೊಂಡುಕೊಂಡ. ಅದೇ ವರ್ಷ ಇನ್ನೊಬ್ಬ ಚಿತ್ರಕಾರ ಮಾನೆ, ಕೋಟು ತೊಟ್ಟ ಇಬ್ಬರು ಗಂಡಸರ ಜೊತೆ ಹುಲ್ಲಿನ ಮೇಲೆ ಒಬ್ಬಳನ್ನು ಬೆತ್ತಲೆ ಕೂರಿಸಿದ. ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನ ಒಲ್ಲೆ ಎಂದಿತು, ಹಾಗೆ ಬೇಡವಾದ ಚಿತ್ರಗಳಿಗೆಂದೇ ನಡೆದ ತಿರಸ್ಕೃತರ ಪ್ರದರ್ಶನದಲ್ಲಿ ಜನ ಬಂದು ನಕ್ಕರು. ಕಣ್ಣು ಅರೆಮುಚ್ಚಿ ಮಲಗಿದರೆ ದೇವತೆ, ಕೂತು ನಮ್ಮನ್ನೇ ದಿಟ್ಟಿಸಿದರೆ ಮಾನಗೆಟ್ಟವಳು.

ಹಾಗೆ ದಿಟ್ಟಿಸಿದವಳು ಮಾನೆಯ ರೂಪದರ್ಶಿ ವಿಕ್ಟೋರಿನ್ ಮ್ಯೂರಾಂ. ಅವಳೂ ಚಿತ್ರ ಬರೆಯುತ್ತಿದ್ದಳು. 1876ರಲ್ಲಿ ಪ್ಯಾರಿಸ್ಸಿನ ಆ ಅಧಿಕೃತ ಪ್ರದರ್ಶನ ಮಾನೆಯ ಚಿತ್ರಗಳನ್ನು ವಾಪಸು ಕಳಿಸಿತು, ಅವಳು ಬರೆದ ತನ್ನದೇ ಭಾವಚಿತ್ರವನ್ನು ಒಪ್ಪಿಕೊಂಡಿತು. ಇದನ್ನು ಹೇಳಲು ಎಷ್ಟು ಜಾಗ ಬೇಕು? ಎರಡು ಸಾಲು. ಆದರೆ ಸೃಷ್ಟಿ, ಲಯ, ಆದಿಮ ಚೈತನ್ಯ ಎಲ್ಲ ತುಂಬಿದ ಮೇಲೆ ಆ ಎರಡು ಸಾಲಿಗೆ ಜಾಗ ಇರುವುದಿಲ್ಲ. ಸಾಕು ಕಣ್ರೀ. ದುಡ್ಡಿಗಾಗಿ ಕೋಣೆಯೊಳಗೆ ಕೈಕಾಲು ಜೋಮು ಹಿಡಿಯುವವರೆಗೆ ಕದಲದೆ ಕೂತವಳನ್ನು ನದಿ, ಬೆಟ್ಟ, ಭೂಮಿ ಎಂದು ಇನ್ನೆಷ್ಟು ಕಾಲ ಕರೆಯುತ್ತೀರಿ? ಗೊತ್ತಿದ್ದರೆ ಅವಳ ಹೆಸರು ಬರೆಯಿರಿ. ಪ್ರಕೃತಿ-ಪುರುಷ ತತ್ವಕ್ಕೆ ಆಮೇಲೆ ಜಾಗ ಉಳಿದರೆ ನೋಡೋಣ.