ರಾತ್ರಿ ಎರಡು ಗಂಟೆಗೆ ಬೀಗದ ಕೈ ಯಾರ ಹತ್ತಿರ ಇರುತ್ತೆ?

ದೀಪಾವಳಿಗೆ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಟ್ಟು ಊರಿಗೆ ಹೊರಡುವವರು ದಯವಿಟ್ಟು ಇದನ್ನು ಓದಿ.

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆ ಅಲ್ವಾ? ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಮನೆಗಳಿಗೆ ನೀರು ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ನಾವು ಆಗ ಮದುವೆಗೆ ಅಂತ ಶಿವಮೊಗ್ಗದಲ್ಲಿದ್ದೆವು. ನಮ್ಮ ಕೆಂಪಿ ಆ ಕಡೆಯ ಒಂದು ಬೋರ್ಡಿಂಗ್‌ನಲ್ಲಿದ್ದಳು. ಬೆಳಗ್ಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಕರೆಂಟ್ ಹೋಗಿ ಕ್ಯಾಮೆರಾ ಕೂಡ ನಿಂತಿತ್ತು. ದಿನಕ್ಕೆ ಹತ್ತು ಸಲ ಅದರಲ್ಲೇ ಅವಳನ್ನು ನೋಡಿ ಸಮಾಧಾನ ಪಡುತ್ತಿದ್ದೆವು.

ಮಧ್ಯಾಹ್ನದ ಹೊತ್ತಿಗೆ ವಿಷಯ ಗೊತ್ತಾಯಿತು. ಹದಿನಾಲ್ಕು ನಾಯಿಗಳ ಜೊತೆ ರಾತ್ರಿ ಇದ್ದದ್ದು ಒಬ್ಬನೇ ಹುಡುಗ. ಗೂಡುಗಳಿಗೆಲ್ಲ ಬೀಗ. ಬೀಗದ ಕೈ ಮ್ಯಾನೇಜರ್ ಮನೆಯಲ್ಲಿ. ನೀರು ಮೊಣಕಾಲಿಗೆ ಬಂದಾಗ ಆ ಹುಡುಗ ಕಲ್ಲು ತಗೊಂಡು ಒಂದೊಂದೇ ಬೀಗ ಒಡೆದಿದ್ದಾನೆ. ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಎರಡೇ ಚೈನು. ಉಳಿದ ನಾಯಿಗಳನ್ನು ಎತ್ತಿಕೊಂಡು ತಾರಸಿಗೆ ಹತ್ತಿಸಿದ್ದಾನೆ. ಕೆಂಪಿಯದು ಕೊನೆಯ ಗೂಡು. ಬಾಗಿಲು ಕೆರೆದು ಕೆರೆದು ಅವಳ ಮುಂಗಾಲಿನ ಮೂರು ಉಗುರು ಕಿತ್ತು ಬಂದಿದ್ದವು. ಇವತ್ತಿಗೂ ಮಳೆ ಜೋರಾದರೆ ಬಂದು ನನ್ನ ಪಾದದ ಮೇಲೆ ಕೂರುತ್ತಾಳೆ.

ಆ ಹುಡುಗನ ಋಣ ತೀರಿಸೋಕೆ ನಮ್ಮಿಂದ ಆಗಲ್ಲ. ಆದರೆ ಅವನೊಬ್ಬನ ಧೈರ್ಯದ ಮೇಲೆ ಹದಿನಾಲ್ಕು ಜೀವ ನಿಂತಿದ್ದು ಸರಿಯಲ್ಲ.

ಮಾರನೇ ವರ್ಷ, 2023ರ ಆಗಸ್ಟ್ 14ರಂದು, ಅಮೆರಿಕದ ವಾಷಿಂಗ್ಟನ್‌ನಲ್ಲಿ ಒಂದು ಡಾಗ್ ಡೇಕೇರ್‌ಗೆ ಮಳೆ ನೀರು ಗಾಜು ಒಡೆದುಕೊಂಡು ನುಗ್ಗಿತು. 10 ನಾಯಿಗಳು ಸತ್ತವು. ಸಂಜೆ ಹೊತ್ತು, ಕೆಲಸದವರು ಒಳಗೇ ಇದ್ದರು. ಹಿಂದಿನ ವರ್ಷವೂ ಅದೇ ಜಾಗಕ್ಕೆ ನೀರು ಬಂದಿತ್ತು! ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಒಮ್ಮೆ ನೀರು ಬಂದ ತಗ್ಗಿನ ಜಾಗಕ್ಕೆ ಇನ್ನೊಮ್ಮೆ ಬಂದೇ ಬರುತ್ತೆ.

ಹಾಗಾಗಿ ಈಗ ನಾನು ಬೋರ್ಡಿಂಗ್ ನೋಡಲು ಹೋದರೆ ಈಜುಕೊಳ, ಎಸಿ ರೂಮು ಆಮೇಲೆ. ಮೊದಲು ಅಕ್ಕಪಕ್ಕದ ಅಂಗಡಿಯಲ್ಲಿ ಕೇಳುತ್ತೇನೆ, ಇಲ್ಲಿ ನೀರು ನಿಲ್ಲುತ್ತಾ ಅಂತ. ರಾತ್ರಿ ಎಷ್ಟು ಜನ ಮಲಗುತ್ತಾರೆ? ಗೂಡಿಗೆ ಬೀಗ ಯಾಕೆ, ಚಿಲಕ ಸಾಲದಾ? ಬೆಂಕಿ ಬಿದ್ದರೆ ಹೊರಗೆ ಹೋಗಲು ಇನ್ನೊಂದು ಬಾಗಿಲು ಇದೆಯಾ? ನಾಯಿಗಳನ್ನು ಯಾವ ಗಾಡಿಯಲ್ಲಿ, ಎಲ್ಲಿಗೆ ಕರೆದೊಯ್ಯುತ್ತೀರಿ? ನಮ್ಮ ಫೋನ್ ನಂಬರುಗಳು ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಕರೆಂಟ್ ಹೋದಾಗ ಪ್ರಯೋಜನವಿಲ್ಲ, ಕಾಗದದಲ್ಲೂ ಬರೆದಿಡಿ ಅಂತ ಹೇಳುತ್ತೇನೆ.

ಬೇಸಿಗೆಯ ಮಾತೂ ಇದೆ. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಮುಚ್ಚಿದ ಕೋಣೆ ತುಂಬಾ ಅಪಾಯ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತೆ. ಬಿಸಿಲಿನ ಝಳಕ್ಕೆ 105 ದಾಟಿದರೆ ಜೀವಕ್ಕೇ ಕುತ್ತು. ತಕ್ಷಣ ತಣ್ಣೀರು ಹಾಕಿ, ಗಾಳಿ ಬೀಸುತ್ತಲೇ ಡಾಕ್ಟರ ಹತ್ತಿರ ಓಡಬೇಕು. ರಾತ್ರಿ ಇರುವವರಿಗೆ ಇದು ಗೊತ್ತಿರಬೇಕಲ್ವಾ?

ನಮ್ಮ ಕೆಲಸವೂ ಇದೆ. ಬೆಲ್ಟ್ ಮೇಲೆ ಫೋನ್ ನಂಬರ್ ಬರೆಸಿ. ಪಟಾಕಿಗೆ ಹೆದರಿ ಗೇಟು ಹಾರಿದ ನಾಯಿ ಮನೆ ಸೇರಲು ಅದೊಂದೇ ದಾರಿ ಆಗಿಬಿಡಬಹುದು. ಅದೇ ಊರಲ್ಲಿರುವ ನೆಂಟರದ್ದೋ ಸ್ನೇಹಿತರದ್ದೋ ನಂಬರ್ ಕೊಡಿ. ನೀವು ಫೋನಿಗೆ ಸಿಗದಿದ್ದರೂ ಚಿಕಿತ್ಸೆ ಕೊಡಿಸಿ ಅಂತ ಬರೆದು ಸಹಿ ಹಾಕಿ ಕೊಡಿ.

ಹೋದ ತಿಂಗಳು ಒಂದು ಚಿಕ್ಕ ಬೋರ್ಡಿಂಗ್‌ಗೆ ಹೋಗಿದ್ದೆ. ತಗಡಿನ ಮಾಡು, ನೆಲಕ್ಕೆ ಬರೀ ಸಿಮೆಂಟು. ಆದರೆ ಪ್ರತಿ ಗೂಡಿನ ಪಕ್ಕ ಒಂದು ಮೊಳೆ, ಮೊಳೆಗೊಂದು ಚೈನು. ಯಾಕೆ ಅಂತ ಕೇಳಿದೆ. ಅಲ್ಲಿನ ಅಕ್ಕ, "ಕತ್ತಲಲ್ಲಿ ಹುಡುಕ್ತಾ ಕೂರೋಕಾಗುತ್ತಾ ಸರ್?" ಅಂದರು. ಈ ದೀಪಾವಳಿಗೆ ಕೆಂಪಿ ಅಲ್ಲೇ ಇರುತ್ತಾಳೆ.